ಎರಡು ಬೋಲ್ಟು, ಒಂದು ಪಿನ್: ಹಳೇ ಮಸಲ್ ಕಾರುಗಳಲ್ಲಿ ಹರ್ಸ್ಟ್ ಗೇರ್ ಲಿವರ್ ಬಂದ ದಾರಿ

1950ರ ದಶಕದ ಕೊನೆಗೆ ಅಮೆರಿಕದ ಕಾರುಗಳ ಎಂಜಿನ್ ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಾ ಹೋಯಿತು. ಮುಂದೆ ‘ಮಸಲ್ ಕಾರು’ ಅಂತ ಹೆಸರಾದದ್ದು ಇಂಥ ದೊಡ್ಡ ಎಂಜಿನ್ನಿನ, ಜೋರು ಓಟದ ಕಾರುಗಳೇ. ಗೇರ್ ಲಿವರ್ ಮಾತ್ರ ಹಿಂದೆಯೇ ಉಳಿಯಿತು. ಮ್ಯಾನುಯಲ್ ಗೇರಿನ ಬಹುಪಾಲು ಕಾರುಗಳಲ್ಲಿ ಲಿವರ್ ಇದ್ದದ್ದು ಸ್ಟೀರಿಂಗ್ ಪಕ್ಕದಲ್ಲಿ, ಅದೂ ಮೂರೇ ಗೇರು. ನಮ್ಮ ಹಳೇ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಓಡಿಸಿದವರಿಗೆ ಆ ‘ಹ್ಯಾಂಡ್ ಗೇರ್’ ಹೇಗಿರುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕೈ ಎಳೆದದ್ದು ಸ್ಟೀರಿಂಗ್ ಕಂಬದ ಉದ್ದಕ್ಕೂ ಇಳಿದು, ರಾಡುಗಳನ್ನು ದಾಟಿ, ಆಮೇಲೆ ಗೇರ್‌ಬಾಕ್ಸ್ ಮುಟ್ಟಬೇಕು. ಪ್ರತಿ ಸಂದಿನಲ್ಲೂ ಒಂದಿಷ್ಟು ಪ್ಲೇ, ಅಂದರೆ ಸಡಿಲ. ಊರೊಳಗೆ ನಿಧಾನವಾಗಿ ಓಡಿಸುವವರಿಗೆ ಅದೇನೂ ತೊಂದರೆ ಅಲ್ಲ. ನೇರ ದಾರಿಯಲ್ಲಿ ಕಾಲು ಮೈಲಿ ಓಡುವ ಡ್ರ್ಯಾಗ್ ರೇಸಿಗೆ ಇಳಿದವರಿಗೆ ಅದೇ ದೊಡ್ಡ ತಲೆನೋವು.

ರೇಸಿನಲ್ಲಿ ಗೇರ್ ಬೀಳದಿದ್ದರೆ ಹೋಗುವುದು ಬರೀ ಸಮಯ ಅಲ್ಲ. ಆಕ್ಸಿಲರೇಟರ್ ಒತ್ತಿದ ಕಾಲು ಹಾಗೇ ಇರುತ್ತದೆ, ಗೇರ್‌ಬಾಕ್ಸ್ ನ್ಯೂಟ್ರಲ್‌ನಲ್ಲಿ ಸಿಕ್ಕಿಕೊಂಡಿರುತ್ತದೆ. ಎಂಜಿನ್ ಮೇಲೆ ಭಾರವೇ ಇಲ್ಲ. ಕ್ಷಣದಲ್ಲಿ ಅದು ಮಿತಿ ಮೀರಿ ತಿರುಗುತ್ತದೆ. ವಾಲ್ವ್ ಬಾಗಬಹುದು, ಕನೆಕ್ಟಿಂಗ್ ರಾಡ್ ಮುರಿಯಬಹುದು. ಅಂದರೆ ಸಡಿಲ ಲಿವರ್ ಒಂದು ಇಡೀ ಎಂಜಿನ್ನನ್ನೇ ತಿಂದುಹಾಕಬಹುದು.

1957ರಲ್ಲಿ ಬೋರ್ಗ್‌ವಾರ್ನರ್ ಕಂಪನಿಯ ಟಿ-10 ಎಂಬ ನಾಲ್ಕು ಗೇರಿನ ಬಾಕ್ಸ್ ಕಾರ್ವೆಟ್ ಸ್ಪೋರ್ಟ್ಸ್ ಕಾರಿಗೆ ಬಂತು. 1963ರಲ್ಲಿ ಜನರಲ್ ಮೋಟಾರ್ಸ್ ಇಂಡಿಯಾನಾದ ಮನ್ಸಿ ಊರಿನ ತನ್ನ ಕಾರ್ಖಾನೆಯಲ್ಲಿ ಸ್ವಂತ ನಾಲ್ಕು ಗೇರಿನ ಬಾಕ್ಸ್ ಮಾಡತೊಡಗಿತು. ಅದಕ್ಕೆ ಇವತ್ತಿಗೂ ‘ಮನ್ಸಿ’ ಅಂತಲೇ ಹೆಸರು. 1964ರ ಹೊತ್ತಿಗೆ ಫೋರ್ಡ್‌ನ ಟಾಪ್‌ಲೋಡರ್, ಕ್ರೈಸ್ಲರ್‌ನ ಎ-833 ಕೂಡ ರಸ್ತೆಗೆ ಇಳಿದವು. ಬಾಕ್ಸುಗಳು ಒಳ್ಳೆಯವೇ. ಅವುಗಳ ಮೇಲೆ ಕಂಪನಿಯವರು ಕೂರಿಸುತ್ತಿದ್ದ ಲಿವರ್ ಮಾತ್ರ ಆ ಮಟ್ಟದ್ದಲ್ಲ. ಖರ್ಚು ಕಡಿಮೆ ಇರಬೇಕು, ನಡುಕ ಕೈಗೆ ಬರಬಾರದು ಅಂತ ಸಪೂರ ಕಡ್ಡಿ, ಮೆತ್ತನೆ ರಬ್ಬರ್, ತೆಳು ತಗಡು ಹಾಕುತ್ತಿದ್ದರು. ಜೋರಾಗಿ ಎಳೆದರೆ ಲಿವರ್ರೇ ಬಾಗುತ್ತಿತ್ತು.

ಈ ಕೊರತೆ ಕಣ್ಣಿಗೆ ಬಿದ್ದದ್ದು ಪೆನ್ಸಿಲ್ವೇನಿಯಾದ ಜಾರ್ಜ್ ಹರ್ಸ್ಟ್ ಎಂಬಾತನಿಗೆ. ಅವನದು ಚಿಕ್ಕ ವರ್ಕ್‌ಶಾಪ್. ಹಳೇ ಕಾರಿಗೆ ಬೇರೆ ಎಂಜಿನ್ ಕೂರಿಸುವವರಿಗೆ ಮೌಂಟ್ ಮಾಡಿಕೊಡುವುದು ಮೊದಮೊದಲ ಕೆಲಸಗಳಲ್ಲೊಂದು. ಬಿಲ್ ಕ್ಯಾಂಪ್‌ಬೆಲ್ ಜೊತೆ ಸೇರಿ ಹರ್ಸ್ಟ್-ಕ್ಯಾಂಪ್‌ಬೆಲ್ ಕಂಪನಿ ಕಟ್ಟಿದ. ಎಂಜಿನ್ ಮೌಂಟ್ ಮಾಡಿದವನಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿರುತ್ತದೆ. ದೊಡ್ಡ ಎಂಜಿನ್ ಜೋರು ಹಿಡಿದಾಗ ತನ್ನ ಜಾಗದಲ್ಲಿ ಸುಮ್ನೆ ಕೂರುವುದಿಲ್ಲ. ಒಂದು ಪಕ್ಕ ಎದ್ದು ಹೊರಳುತ್ತದೆ, ಜೊತೆಗೆ ಗೇರ್‌ಬಾಕ್ಸೂ ಹೊರಳುತ್ತದೆ. ಲಿವರ್ ಕಾರಿನ ಬಾಡಿಗೆ ಕಟ್ಟಿದ್ದರೆ, ಬಾಕ್ಸ್ ಒಂದು ಕಡೆ, ಲಿವರ್ ಒಂದು ಕಡೆ. ನಡುವೆ ರಾಡುಗಳು ಹಿಡಿದುಕೊಳ್ಳುತ್ತವೆ. ಹರ್ಸ್ಟ್ ಲಿವರ್ ದಪ್ಪ ಉಕ್ಕಿನ ಪ್ಲೇಟಿನ ಮೂಲಕ ಗೇರ್‌ಬಾಕ್ಸಿನ ಬಾಲಕ್ಕೇ ಬೋಲ್ಟ್ ಆಗುತ್ತದೆ. ಬಾಕ್ಸ್ ಹೊರಳಿದರೆ ಲಿವರ್ರೂ ಜೊತೆಗೇ ಹೊರಳುತ್ತದೆ, ರಾಡುಗಳ ಅಳತೆ ತಪ್ಪುವುದಿಲ್ಲ.

ಈ ಕಾಲದ ಬಾಕ್ಸುಗಳ ಪಕ್ಕದಲ್ಲಿ, ಹೊರಗಡೆ, ಮೂರು ಚಿಕ್ಕ ತೋಳುಗಳಿರುತ್ತವೆ. ಒಂದು ಮೊದಲ ಮತ್ತು ಎರಡನೇ ಗೇರಿಗೆ, ಇನ್ನೊಂದು ಮೂರು ಮತ್ತು ನಾಲ್ಕಕ್ಕೆ, ಮತ್ತೊಂದು ರಿವರ್ಸಿಗೆ. ಲಿವರಿನ ಬುಡದ ಡಬ್ಬಿಯಲ್ಲೂ ಅದೇ ಮೂರಕ್ಕೆ ಮೂರು ತೋಳು. ನಡುವೆ ಮೂರು ರಾಡು. ಎರಡನೇ ಗೇರಿನಿಂದ ಮೂರಕ್ಕೆ ಹೋಗುವಾಗ ಲಿವರ್ ಮೊದಲು ಒಂದು ತೋಳನ್ನು ನ್ಯೂಟ್ರಲ್‌ಗೆ ತಂದು ಬಿಡಬೇಕು, ಪಕ್ಕಕ್ಕೆ ಸರಿಯಬೇಕು, ಇನ್ನೊಂದನ್ನು ಹಿಡಿದು ಮುಂದಕ್ಕೆ ತಳ್ಳಬೇಕು. ತೋಳುಗಳಲ್ಲಿನ ಕಚ್ಚು ಒಂದೇ ಸಾಲಿಗೆ ಇಲ್ಲದಿದ್ದರೆ ಲಿವರ್ ಅಂಚಿಗೆ ತಗುಲಿ ನಿಲ್ಲುತ್ತದೆ. ರೇಸಿನಲ್ಲಿ ಜನ ಹೆಚ್ಚು ಗೇರ್ ತಪ್ಪಿಸುತ್ತಿದ್ದದ್ದು ಇದೇ ಎರಡು-ಮೂರರ ನಡುವೆ. ಹರ್ಸ್ಟ್ ಡಬ್ಬಿಯ ಒಳಗಿನ ಸ್ಪ್ರಿಂಗ್ ಲಿವರನ್ನು ಮೂರು-ನಾಲ್ಕರ ಕಡೆಗೇ ಒತ್ತುತ್ತಿರುತ್ತದೆ. ಎರಡರಿಂದ ಹೊರಟ ಕೈ ಸುಮ್ನೆ ಮುಂದಕ್ಕೆ ತಳ್ಳಿದರೆ ಸಾಕು, ಪಕ್ಕಕ್ಕೆ ಸರಿಯುವ ಕೆಲಸ ಸ್ಪ್ರಿಂಗ್ ಮಾಡುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಡಬ್ಬಿಯ ಹಿಂದೆ-ಮುಂದೆ ಇರುವ ಎರಡು ಬೋಲ್ಟು. ಬೇರೆ ಲಿವರುಗಳಲ್ಲಿ ಗೇರ್ ಬಿದ್ದ ಮೇಲೂ ಕೈ ತಳ್ಳುತ್ತಲೇ ಇದ್ದರೆ ಆ ಬಲವೆಲ್ಲ ಬಾಕ್ಸಿನ ಒಳಗೆ ಗೇರ್ ಸರಿಸುವ ಕವಲು ತುಂಡು, ಅಂದರೆ ಶಿಫ್ಟ್ ಫೋರ್ಕ್ ಮೇಲೆ ಬೀಳುತ್ತದೆ. ಫೋರ್ಕ್ ಬಾಗುತ್ತದೆ, ಸವೆಯುತ್ತದೆ. ಹರ್ಸ್ಟ್‌ನಲ್ಲಿ ಲಿವರ್ ಇಲ್ಲಿಯವರೆಗೆ ಮಾತ್ರ ಅಂತ ಈ ಬೋಲ್ಟು ತಡೆಯುತ್ತದೆ. ಗುದ್ದಿದ ಏಟೆಲ್ಲ ಬೋಲ್ಟಿಗೆ, ಬಾಕ್ಸಿಗಲ್ಲ. ಎಷ್ಟು ಸರಳ ಉಪಾಯ ನೋಡಿ. ಕಾರಿಗೆ ತಕ್ಕಂತೆ ಅದನ್ನು ಹೊಂದಿಸಿಕೊಳ್ಳಲೂ ಬರುತ್ತದೆ.

ರೇಸಿನವರ ನಡುವೆ ಹುಟ್ಟಿದ ಈ ಲಿವರನ್ನು ಶೋರೂಮಿಗೆ ತಂದದ್ದು ಜನರಲ್ ಮೋಟಾರ್ಸ್‌ನ ಪಾಂಟಿಯಾಕ್ ವಿಭಾಗ. 1963ರ ಜನವರಿಯಲ್ಲಿ ಜನರಲ್ ಮೋಟಾರ್ಸ್ ತನ್ನ ವಿಭಾಗಗಳಿಗೆ ರೇಸಿನ ಕೆಲಸ ಬಿಡಿ ಅಂತ ಆದೇಶ ಮಾಡಿತು. ವೇಗದ ಕಾರುಗಳ ಹೆಸರಿನಲ್ಲೇ ಬೆಳೆದಿದ್ದ ಪಾಂಟಿಯಾಕ್‌ಗೆ ಇದು ದೊಡ್ಡ ಪೆಟ್ಟು. ಅಲ್ಲಿ ಮುಖ್ಯ ಎಂಜಿನಿಯರ್ ಆಗಿದ್ದ ಜಾನ್ ಡಿಲೋರಿಯನ್ ಮತ್ತು ಸಂಗಡಿಗರು ಬೇರೆ ದಾರಿ ಹುಡುಕಿದರು. ರೇಸ್ ಟ್ರ್ಯಾಕ್ ಬೇಡ ಅಂದರೆ ರಸ್ತೆಯ ಕಾರನ್ನೇ ಜೋರು ಮಾಡೋಣ ಅಂತ. ಮಧ್ಯಮ ಗಾತ್ರದ ಟೆಂಪೆಸ್ಟ್ ಕಾರಿಗೆ ದೊಡ್ಡ ಕಾರಿನ 389 ಘನ ಇಂಚಿನ, ಅಂದರೆ ಸುಮಾರು 6.4 ಲೀಟರಿನ ಎಂಜಿನ್ ಹಾಕಿದರು. ಅಷ್ಟು ದೊಡ್ಡ ಎಂಜಿನ್ ಅಂಥ ಕಾರಿಗೆ ಹಾಕಬಾರದು ಅಂತ ಕಂಪನಿಯ ನಿಯಮವೇ ಇತ್ತು. ಹಾಗಾಗಿ ಹೊಸ ಕಾರು ಅನ್ನದೆ ‘ಆಪ್ಷನ್’ ಅಂತ ಮಾರಿದರು. ಅದೇ 1964ರ ಜಿಟಿಒ. ಆ ವರ್ಷವೇ 32,450 ಕಾರು ಹೋದವು. ಮ್ಯಾನುಯಲ್ ಗೇರಿನ ಜಿಟಿಒಗಳಲ್ಲಿ ನೆಲದಿಂದ ಎದ್ದ ಲಿವರ್ ಹರ್ಸ್ಟ್‌ನದು. ಪಾಂಟಿಯಾಕ್‌ನ ಜಾಹೀರಾತು ನೋಡಿಕೊಳ್ಳುತ್ತಿದ್ದ ಜಿಮ್ ವ್ಯಾಂಗರ್ಸ್ ಸ್ವತಃ ಡ್ರ್ಯಾಗ್ ರೇಸರ್. ಹರ್ಸ್ಟ್ ಅಂದರೆ ಹುಡುಗರಿಗೆ ಏನು ಅರ್ಥ ಅನ್ನುವುದು ಅವರಿಗೆ ಗೊತ್ತಿತ್ತು. ಬೇಗನೇ ಲಿವರಿನ ಮೇಲೇ ಹರ್ಸ್ಟ್ ಹೆಸರೂ ಬಂತು. ಬೇರೆಯವರು ಮಾಡಿಕೊಟ್ಟ ಭಾಗದ ಮೇಲೆ ಅವರ ಹೆಸರನ್ನು ಕಾರು ಕಂಪನಿ ಹಾಗೆ ತೋರಿಸಿಕೊಳ್ಳುವುದು ಆಗ ಅಪರೂಪ.

ಅಲ್ಲಿಂದ ಮುಂದೆ ಹರ್ಸ್ಟ್ ಬರೀ ಲಿವರ್ ಕಂಪನಿಯಾಗಿ ಉಳಿಯಲಿಲ್ಲ. ರೇಸಿನ ಮೈದಾನಗಳಲ್ಲಿ ಆಳೆತ್ತರಕ್ಕೂ ಮೀರಿದ ಗೇರ್ ಲಿವರ್ ಹಿಡಿದು ಕಾರಿನ ಮೇಲೆ ನಿಂತು ಬರುತ್ತಿದ್ದ, ಹರ್ಸ್ಟ್ ಪ್ರಚಾರದ ಮುಖವಾಗಿದ್ದ ಲಿಂಡಾ ವಾನ್ ಚಿತ್ರಗಳನ್ನು ಇವತ್ತಿಗೂ ಜನ ಗುರುತು ಹಿಡಿಯುತ್ತಾರೆ. 1968ರಲ್ಲಿ ಓಲ್ಡ್ಸ್‌ಮೊಬಿಲ್ ಜೊತೆ ಸೇರಿ ಹರ್ಸ್ಟ್/ಓಲ್ಡ್ಸ್ ಎಂಬ ಕಾರನ್ನೇ ಹೊರತಂದರು. ಅದರಲ್ಲಿ ತಾನಾಗಿ ಗೇರ್ ಬದಲಾಗಲು ಒಂದು, ಕೈಯಿಂದ ಬದಲಿಸಲು ಇನ್ನೊಂದು ದಾರಿಯಿರುವ ಹರ್ಸ್ಟ್‌ನ ಡ್ಯುಯಲ್-ಗೇಟ್ ಲಿವರ್ ಇತ್ತು, ಆದರೆ ಬಾಕ್ಸ್ ಆಟೋಮ್ಯಾಟಿಕ್! ಅಪಘಾತದಲ್ಲಿ ಜಜ್ಜಿಹೋದ ಕಾರಿನಿಂದ ಜನರನ್ನು ಬಿಡಿಸಲು ಬಳಸುವ ಹೈಡ್ರಾಲಿಕ್ ‘ಜಾಸ್ ಆಫ್ ಲೈಫ್’ ಕೂಡ ಇದೇ ಜಾರ್ಜ್ ಹರ್ಸ್ಟ್‌ನ ಕೆಲಸ. ರೇಸ್ ಟ್ರ್ಯಾಕಿನಲ್ಲಿ ಚಾಲಕರನ್ನು ಹೊರತೆಗೆಯುವುದು ಎಷ್ಟು ನಿಧಾನ ಅನ್ನುವುದನ್ನು ಕಂಡು ಮಾಡಿದ್ದು. ಲಿವರಿಗಿಂತ ಅದಕ್ಕೇ ಅವನನ್ನು ಹೆಚ್ಚು ನೆನೆಯಬೇಕು ಅಂತ ನನಗನಿಸುತ್ತದೆ. 1970ರಲ್ಲಿ ಕಂಪನಿ ಸನ್‌ಬೀಮ್ ಕೈಗೆ ಹೋಯಿತು. ಜಾರ್ಜ್ ಹರ್ಸ್ಟ್ 1986ರಲ್ಲಿ ತೀರಿಕೊಂಡ. ಮುಂದೆ ಹಲವು ಕೈ ಬದಲಾಗಿ ಹೆಸರು ಈಗ ‘ಹಾಲಿ’ (Holley) ಎಂಬ ಕಂಪನಿಯ ಬಳಿ ಇದೆ.

ಮಸಲ್ ಕಾರುಗಳ ಕಾಲ ಮುಗಿದದ್ದು ಬೇಗ. ಇನ್ಶೂರೆನ್ಸ್ ಏರಿತು, ಹೊಗೆ ನಿಯಮ ಬಂತು, 1973ರಲ್ಲಿ ಪೆಟ್ರೋಲ್ ಬಿಕ್ಕಟ್ಟು. 1974ಕ್ಕೆ ಮನ್ಸಿ ಬಾಕ್ಸ್ ನಿಂತಿತು. ಆಮೇಲೆ ಬಂದ ಐದು ಗೇರಿನ ಬಾಕ್ಸುಗಳಲ್ಲಿ ಲಿವರ್ ನೇರವಾಗಿ ಬಾಕ್ಸಿನ ಮೇಲೇ ಕೂರುತ್ತದೆ, ರಾಡು ಇರುವುದೆಲ್ಲ ಒಳಗೆ. ಹೊರಗಿನ ಮೂರು ರಾಡುಗಳ ವಿದ್ಯೆ ಹೊಸ ಮೆಕ್ಯಾನಿಕ್‌ಗಳಿಗೆ ಬೇಕಾಗಲೇ ಇಲ್ಲ. ಇವತ್ತು ಹಳೇ ಹರ್ಸ್ಟ್ ಕೂರಿಸುವಾಗ ಆಗುವ ಎಡವಟ್ಟುಗಳ ಮೂಲ ಅಲ್ಲೇ ಇದೆ. ಲಿವರ್ ಕೆಟ್ಟಿದೆ ಅಂತ ಎಸೆಯುತ್ತಾರೆ. ನೋಡಿದರೆ ಹೊಂದಿಸಿದ್ದೇ ಸರಿ ಇರುವುದಿಲ್ಲ.

ಹಳೇ ಡಬ್ಬಿ ಸಿಕ್ಕಿದರೆ ಮೊದಲು ಅದರೊಳಗಿನ ಗ್ರೀಸ್ ನೋಡಬೇಕು. ಐವತ್ತು ವರ್ಷಕ್ಕೆ ಅದು ಅಂಟು ಅಂಟಾಗಿ ಗಟ್ಟಿಯಾಗಿರುತ್ತದೆ. ಸೀಮೆಎಣ್ಣೆಯಲ್ಲಿ ನೆನೆಹಾಕಿ, ತೊಳೆದು, ತೆಳುವಾಗಿ ಹೊಸ ಗ್ರೀಸ್ ಹಚ್ಚಿದರೆ ಎಷ್ಟೋ ಡಬ್ಬಿಗಳಿಗೆ ಜೀವ ಬರುತ್ತದೆ. ಲಿವರನ್ನು ಮೊದಲ ಗೇರಿನ ಕಡೆ ಎಳೆದು ಬಿಟ್ಟಾಗ ಅದು ತಾನಾಗಿ ವಾಪಸ್ ಬರದಿದ್ದರೆ ಸ್ಪ್ರಿಂಗ್ ಹೋಗಿದೆ ಅಂತ. ತೋಳುಗಳ ತೂತು ಉದ್ದುದ್ದಕ್ಕೆ ಸವೆದಿದ್ದರೆ ಹೊಸ ಬುಶ್ (ತೂತಿನೊಳಗೆ ಕೂರುವ ಬಳೆ) ಹಾಕಿಯೂ ಪ್ರಯೋಜನವಿಲ್ಲ. ಇನ್ನು ಬುಶ್ ನೈಲಾನಿಂದೋ ಉಕ್ಕಿಂದೋ ಅನ್ನುವುದು ಹಳೇ ಜಗಳ. ನೈಲಾನ್ ಸದ್ದು ಮಾಡುವುದಿಲ್ಲ, ಬೇಗ ಸವೆಯುತ್ತದೆ. ಉಕ್ಕು ಬಾಳುತ್ತದೆ, ಗಲಗಲ ಅನ್ನುತ್ತದೆ. ಭಾನುವಾರ ಒಂದು ಸುತ್ತು ಹೋಗುವ ಕಾರಿಗೆ ನನ್ನ ಪ್ರಕಾರ ನೈಲಾನ್ ಸಾಕು.

ಕೂರಿಸುವಾಗ ಎಲ್ಲವೂ ನಿಂತಿರುವುದು ಕಾಲಿಂಚಿನ ಒಂದು ಪಿನ್ ಮೇಲೆ. ಬಾಕ್ಸಿನ ಮೂರೂ ತೋಳನ್ನು ನ್ಯೂಟ್ರಲ್‌ಗೆ ತನ್ನಿ. ಲಿವರನ್ನೂ ನ್ಯೂಟ್ರಲ್‌ನಲ್ಲಿ ನಿಲ್ಲಿಸಿ. ಡಬ್ಬಿಯ ತೂತಿನಿಂದ ಮೂರೂ ತೋಳುಗಳ ತೂತು ದಾಟುವ ಹಾಗೆ ಪಿನ್ ತೂರಿಸಿ. ಕಾಲಿಂಚಿನ ಡ್ರಿಲ್ ಬಿಟ್ ಆದರೂ ನಡೆಯುತ್ತದೆ. ಈಗ ಒಂದೊಂದೇ ರಾಡಿನ ತುದಿಯ ತಿರುಪು ತಿರುಗಿಸಿ ಉದ್ದ ಹೊಂದಿಸಬೇಕು. ರಾಡು ತನ್ನ ತೂತಿಗೆ ತಾನೇ ಜಾರಿ ಬೀಳಬೇಕು. ಒತ್ತಿ ಕೂರಿಸುವ ಹಾಗಿದ್ದರೆ ಅಳತೆ ತಪ್ಪಿದೆ, ಮತ್ತೆ ಬಿಚ್ಚಿ. ತಪ್ಪು ಅಳತೆಯಲ್ಲೂ ಕಾರು ಓಡುತ್ತದೆ, ಆದರೆ ಎರಡರಿಂದ ಮೂರಕ್ಕೆ ಜೋರಾಗಿ ಹೋದ ದಿನ ಲಿವರ್ ಅಂಚಿಗೆ ತಗುಲುತ್ತದೆ.

ಪಿನ್ ತೆಗೆದ ಮೇಲೆ ಆ ಎರಡು ಬೋಲ್ಟಿನ ಸರದಿ. ಎರಡನ್ನೂ ಮೊದಲು ಪೂರ್ತಿ ಹೊರಗೆ ಬಿಟ್ಟಿರಬೇಕು. ಲಿವರನ್ನು ಮೂರನೇ ಗೇರಿಗೆ ಬಲವಾಗಿ ಒತ್ತಿ ಹಿಡಿದು, ಬೋಲ್ಟ್ ತಗುಲುವವರೆಗೆ ಒಳಗೆ ತಿರುಗಿಸಬೇಕು. ಲಿವರ್ ಬಿಟ್ಟು ಇನ್ನೂ ಸ್ವಲ್ಪ ಒಳಗೆ ತಂದು ನಟ್ ಬಿಗಿ ಮಾಡಬೇಕು. ನಾಲ್ಕಕ್ಕೆ ಎಳೆದು ಇನ್ನೊಂದಕ್ಕೂ ಹಾಗೇ. ಬೋಲ್ಟ್ ಜಾಸ್ತಿ ಒಳಗೆ ಹೋದರೆ ಗೇರ್ ಪೂರ್ತಿ ಬೀಳದೆ ಓಡುವಾಗ ಹೊರಬರುತ್ತದೆ. ಇದನ್ನೇ ಮರೆತು ಬೋಲ್ಟನ್ನು ಹೊರಗೇ ಬಿಟ್ಟವರು ತುಂಬಾ ಜನ. ಅಲ್ಲಿಗೆ ಹರ್ಸ್ಟ್ ಹಾಕಿದ್ದರ ಅರ್ಧ ಲಾಭ ಹೋಯಿತು.

ಹಿಂದೆ ಆಟೋಮ್ಯಾಟಿಕ್ ಅಥವಾ ಸ್ಟೀರಿಂಗ್ ಗೇರ್ ಇದ್ದ ಕಾರಾದರೆ ನೆಲ ಕೊರೆಯಬೇಕಾಗುತ್ತದೆ. ಅಳತೆ ಮಾಡದೆ ಕಟ್ಟರ್ ಹಿಡಿಯಬೇಡಿ. ಉದ್ದ ಸೀಟಿನ ಕಾರಿಗೂ, ಬಕೆಟ್ ಸೀಟಿನ ನಡುವೆ ಕನ್ಸೋಲ್ ಇರುವ ಕಾರಿಗೂ ಲಿವರಿನ ಬಾಗು ಬೇರೆ. 1969ರಿಂದ ಮುಂದಿನ ಜನರಲ್ ಮೋಟಾರ್ಸ್ ಕಾರುಗಳಲ್ಲಿ ಇನ್ನೊಂದು ತೊಡಕು ಇದೆ. ಕಳ್ಳತನ ತಡೆಯಲು ಸ್ಟೀರಿಂಗ್ ಲಾಕ್ ಬಂದಾಗ, ರಿವರ್ಸಿಗೆ ಹಾಕಿದರಷ್ಟೇ ಕೀ ಹೊರಬರುವ ಹಾಗೆ ಗೇರಿನಿಂದ ಸ್ಟೀರಿಂಗ್ ಕಂಬಕ್ಕೆ ಒಂದು ರಾಡು ಎಳೆದರು. ಹೊರಗಿನ ಲಿವರ್ ಕೂರಿಸುವವರಲ್ಲಿ ಅನೇಕರು ಆ ರಾಡನ್ನು ಬಿಚ್ಚಿ ಎಸೆದರು. ಇಂಥ ಕಾರು ಕೊಳ್ಳುವಾಗ ಕಂಬದ ಕೆಳಗೆ ಬಗ್ಗಿ ನೋಡುವುದು ಒಳ್ಳೆಯದು.

ಕೆಲವರು ಈ ತಂಟೆಯೇ ಬೇಡ ಅಂತ ಟ್ರೆಮೆಕ್ ಕಂಪನಿಯ ಐದು ಗೇರಿನ ಬಾಕ್ಸ್ ಹಾಕಿ, ಮೇಲೆ ಹರ್ಸ್ಟ್ ಕಡ್ಡಿ, ಕೈ ಹಿಡಿಯುವ ಬಿಳಿ ಗುಂಡು ಸಿಕ್ಕಿಸುತ್ತಾರೆ. ಹೈವೇಯಲ್ಲಿ ದೂರ ಹೋಗುವವರಿಗೆ ಅದು ಸರಿಯಾದ ಆಯ್ಕೆಯೇ. ಹಳೇ ಬಾಕ್ಸನ್ನೇ ಉಳಿಸಿಕೊಳ್ಳುವವರಿಗೆ ಹರ್ಸ್ಟ್‌ನ ಕಾಂಪಿಟಿಷನ್ ಪ್ಲಸ್ ಡಬ್ಬಿ ಹೊಸದಾಗಿಯೂ ಸಿಗುತ್ತದೆ. ಡಬ್ಬಿ ಸಿಕ್ಕಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಪ್ಲೇಟೂ ರಾಡುಗಳೂ ಆ ಬಾಕ್ಸಿಗೆ, ಆ ಕಾರಿಗೆ ಅಂತಲೇ ಬಾಗಿದವು. ಶೆವೆಲ್ ಕಾರಿನ ರಾಡು ಕಮಾರೊ ಕಾರಿಗೆ ಆಗುತ್ತದೆ ಅಂತ ಎಣಿಸಬೇಡಿ. ಅಪರೂಪದ ಕಾರಿನವು ಬೇಕಿದ್ದರೆ ಪೆನ್ಸಿಲ್ವೇನಿಯಾದ ಕಾರ್ಲೈಲ್, ಹರ್ಷಿಯಂಥ ಹಳೇ ಬಿಡಿಭಾಗಗಳ ಸಂತೆಗಳಲ್ಲಿ ರಾಶಿ ಕೆದಕಬೇಕು. ಹೋಗುವಾಗ ಬಾಕ್ಸಿನ ತೋಳಿನಿಂದ ಡಬ್ಬಿಯ ತೋಳಿಗೆ ಇರುವ ದೂರ, ನಡುವೆ ರಾಡು ಎಲ್ಲೆಲ್ಲಿ ಬಾಗಬೇಕು ಅನ್ನುವುದನ್ನು ರಟ್ಟಿನ ಮೇಲೆ ನಿಜ ಅಳತೆಯಲ್ಲಿ ಬರೆದುಕೊಂಡು ಹೋಗಿ. ಅಂಗಡಿಯವನ ಮಾತಿಗಿಂತ ಆ ರಟ್ಟಿನ ಮೇಲೆ ರಾಡು ಇಟ್ಟು ನೋಡುವುದೇ ಖಾತ್ರಿ.