ಅದಿರಿನ ಮೇಲೆ ನಿಂತರೆ ರೀಡಿಂಗ್ ಇಳಿಯುವುದೇಕೆ?

ಕಾಂತಕ್ಷೇತ್ರ ಅಳೆಯುವ ಮ್ಯಾಗ್ನೆಟೋಮೀಟರ್ ಹಿಡಿದು ಕಬ್ಬಿಣದ ಅದಿರು ಹುಡುಕುವಾಗ ನೇರವಾಗಿ ಸಿಗುವುದು ಮ್ಯಾಗ್ನಟೈಟ್ ಎಂಬ ಅದಿರು. ಹೆಮಟೈಟ್ ಎಂಬ ಇನ್ನೊಂದು ಅದಿರಿನಲ್ಲೂ ಕಬ್ಬಿಣ ಜಾಸ್ತಿಯೇ, ಆದರೆ ಅದರ ಕಾಂತತ್ವ ತೀರಾ ಕಡಿಮೆ. ನಕ್ಷೆಯಲ್ಲಿ ಏನೂ ಕಾಣಲಿಲ್ಲ ಅಂತ ಅದಿರೇ ಇಲ್ಲ ಎಂದು ಬರೆದುಬಿಡಬೇಡಿ.

ಪ್ರೋಟಾನ್‌ಗಳು ತಿರುಗುವ ವೇಗದಿಂದ ಕಾಂತಕ್ಷೇತ್ರ ಅಳೆಯುವ ಪ್ರೋಟಾನ್ ಮ್ಯಾಗ್ನೆಟೋಮೀಟರ್ ಅದರ ಒಟ್ಟು ಬಲವನ್ನು ಮಾತ್ರ ಹೇಳುತ್ತದೆ, ದಿಕ್ಕನ್ನಲ್ಲ. ಭೂಮಿಯ ಕ್ಷೇತ್ರ ಜಾಗಕ್ಕೆ ತಕ್ಕಂತೆ ಸುಮಾರು 25,000ದಿಂದ 65,000 ನ್ಯಾನೋಟೆಸ್ಲಾ (ಕಾಂತಕ್ಷೇತ್ರದ ಅಳತೆಯ ಮಾನ). ಹಗಲು ಹೊತ್ತು ಅದೂ ಸ್ವಲ್ಪ ಏರಿಳಿಯುತ್ತದೆ. ಕದಲದ ಒಂದು ಜಾಗದಲ್ಲಿ, ಅಂದರೆ ಬೇಸ್ ಸ್ಟೇಷನ್‌ನಲ್ಲಿ, ಇನ್ನೊಂದು ಉಪಕರಣ ಇಟ್ಟು ಆ ಏರಿಳಿತವನ್ನು ಕಳೆಯಬೇಕು. ಬೆಲ್ಟು, ಕೀಲಿ, ಫೋನು ದೂರ ಇರಲಿ.

ಈಗ ತಲೆ ತಿನ್ನುವ ಭಾಗ. ಅದಿರಿನ ಮೇಲೆ ನಿಂತರೆ ರೀಡಿಂಗ್ ಏರಲೇಬೇಕು ಅಲ್ವಾ? ಎಲ್ಲ ಕಡೆ ಹಾಗಾಗುವುದಿಲ್ಲ.

ಅದಿರಿನಲ್ಲಿ ಹಿಂದೆ ಯಾವಾಗಲೋ ಹಿಡಿದ ಹಳೆಯ ಕಾಂತತ್ವ ಉಳಿದಿಲ್ಲ ಎಂದುಕೊಳ್ಳಿ. ಆಗ ಅದಿರು ಭೂಮಿಯ ಕ್ಷೇತ್ರದ ದಿಕ್ಕಿಗೇ ಕಾಂತವಾಗುತ್ತದೆ. ಪಟ್ಟಿ ಕಾಂತದ ಚಿತ್ರ ನೆನಪಿಸಿಕೊಳ್ಳಿ: ತುದಿಯಾಚೆ ಗೆರೆಗಳು ಕಾಂತದ ದಿಕ್ಕಿಗೇ ಓಡುತ್ತವೆ, ಪಕ್ಕದಲ್ಲಿ ಮಾತ್ರ ಹಿಮ್ಮುಖ. ರೀಡಿಂಗ್‌ನಲ್ಲಿ ಕಾಣುವ ವ್ಯತ್ಯಾಸವೆಂದರೆ ಅದಿರಿನ ಕ್ಷೇತ್ರದಲ್ಲಿ ಭೂಮಿಯ ಕ್ಷೇತ್ರದ ದಿಕ್ಕಿಗೆ ಬೀಳುವ ಪಾಲು, ಅಷ್ಟೇ. ಹಾಗಾಗಿ ಸೂತ್ರ ಇಷ್ಟು: ತುದಿಯಲ್ಲಿ ಕೂಡಿಸು, ಪಕ್ಕದಲ್ಲಿ ಕಳೆ.

ಕಾಂತ ಧ್ರುವದ ಹತ್ತಿರ ಭೂಮಿಯ ಕ್ಷೇತ್ರ ನೆಟ್ಟಗೆ ನಿಂತಿರುತ್ತದೆ. ಅಲ್ಲಿ ಅದಿರಿನ ಮೇಲೆ ನಿಂತವರು ಕಾಂತದ ತುದಿಯಲ್ಲಿದ್ದಾರೆ, ರೀಡಿಂಗ್ ಏರುತ್ತದೆ. ಕಾಂತ ಸಮಭಾಜಕದ ಬಳಿ ಕ್ಷೇತ್ರ ಅಡ್ಡ ಮಲಗಿರುತ್ತದೆ. ಅಲ್ಲಿ ಮೇಲೆ ನಿಂತರೆ ಕಾಂತದ ಪಕ್ಕದಲ್ಲಿದ್ದ ಹಾಗೆ, ರೀಡಿಂಗ್ ಇಳಿಯುತ್ತದೆ. ಉತ್ತರಾರ್ಧದಲ್ಲಿ ಇವೆರಡರ ನಡುವೆ ಏರಿಕೆ ಅದಿರಿನಿಂದ ದಕ್ಷಿಣಕ್ಕೆ ಜಾರುತ್ತದೆ, ಇಳಿಕೆ ಉತ್ತರಕ್ಕೆ ಬೀಳುತ್ತದೆ. ಅತಿ ಎತ್ತರದ ರೀಡಿಂಗ್ ಬಂದ ಕಡೆಯೇ ಬೋರ್ ಹಾಕಿದರೆ ಗುರಿ ತಪ್ಪಬಹುದು.

ಲೆಕ್ಕಕ್ಕೆ ಮೊದಲು ನಾನು ಪುಟದಲ್ಲಿ ಭೂಮಿಯ ಕ್ಷೇತ್ರದ ಬಾಣ ಎಳೆದು, ಅದರ ಮೇಲೆ ಪಟ್ಟಿ ಕಾಂತ ಮಲಗಿಸಿ, ಮೇಲೊಂದು ಚುಕ್ಕಿ ಇಡುತ್ತೇನೆ. ಚುಕ್ಕಿ ತುದಿಯಲ್ಲಿದೆಯೋ ಪಕ್ಕದಲ್ಲೋ ನೋಡಿದರೆ ಕೂಡುವ-ಕಳೆಯುವ ಚಿಹ್ನೆ ಸಿಕ್ಕಿತು.

ಇದೇ ಚಿತ್ರದಿಂದ ಇನ್ನೊಂದು ಮಜಾ ಹೊರಡುತ್ತದೆ. ಸಮಭಾಜಕದಲ್ಲಿ ಉತ್ತರ-ದಕ್ಷಿಣಕ್ಕೆ ತುಂಬಾ ಉದ್ದ ಚಾಚಿದ ಅದಿರಿನ ಪಟ್ಟಿ ನಡುವೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ, ತುದಿಗಳು ಮಾತ್ರ ಕಾಣುತ್ತವೆ. ಪೂರ್ವ-ಪಶ್ಚಿಮಕ್ಕೆ ಚಾಚಿದ್ದರೆ ಚೆನ್ನಾಗಿ ಸಿಗುತ್ತದೆ.

ಹಳೆಯ ಕಾಂತತ್ವ ಬಲವಾಗಿ ಉಳಿದಿದ್ದರೆ ಅದಿರಿನ ಕಾಂತವೇ ಬೇರೆ ದಿಕ್ಕಿಗೆ ತಿರುಗಿರಬಹುದು, ಈ ಚಿತ್ರ ನಡೆಯುವುದಿಲ್ಲ.

ಮ್ಯಾಗ್ನಟೈಟ್ ತೀರಾ ಹತ್ತಿರವಿದ್ದರೆ ಇನ್ನೊಂದು ತೊಂದರೆ. ಸೆನ್ಸರ್‌ನ ಒಂದು ಮೂಲೆಯಿಂದ ಇನ್ನೊಂದಕ್ಕೇ ಕ್ಷೇತ್ರ ಬದಲಾಗಿ, ಪ್ರೋಟಾನ್‌ಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ. ಸಿಗ್ನಲ್ ಬೇಗ ಸತ್ತುಹೋಗುತ್ತದೆ. ಅಂಥಲ್ಲಿ ಫ್ಲಕ್ಸ್‌ಗೇಟ್ ಎಂಬ ಇನ್ನೊಂದು ಬಗೆಯ ಮ್ಯಾಗ್ನೆಟೋಮೀಟರ್ ವಾಸಿ.