ರೋಮನ್ ಅಂದರೆ ಯಾರು?

ಮೊದಮೊದಲು ರೋಮನ್ ಅಂದರೆ ರೋಮ್ ಊರಿನವನು, ಅಷ್ಟೇ. ಆ ಊರು ಸುತ್ತಲ ನಾಡುಗಳನ್ನು ಗೆಲ್ಲುತ್ತಾ ಹೋದ ಹಾಗೆ ಪದವೂ ಹಿಗ್ಗಿತು. ಕ್ರಿ.ಶ. 212ರಲ್ಲಿ ಚಕ್ರವರ್ತಿ ಕ್ಯಾರಕಲ್ಲ ಗುಲಾಮರನ್ನು ಬಿಟ್ಟು ಹೆಚ್ಚುಕಡಿಮೆ ಎಲ್ಲ ಪ್ರಜೆಗಳಿಗೂ ರೋಮನ್ ಪೌರತ್ವ ಕೊಟ್ಟುಬಿಟ್ಟ. ಉದಾರತನವೇನಲ್ಲ, ತೆರಿಗೆ ಜಾಸ್ತಿ ಬರಲಿ ಅಂತ ಮಾಡಿದ್ದು ಎಂದು ಆ ಕಾಲದ ಇತಿಹಾಸಕಾರ ಕ್ಯಾಸಿಯಸ್ ಡಿಯೊ ಬರೆದಿದ್ದಾನೆ. ಕಾರಣ ಏನೇ ಇರಲಿ, ರೋಮ್ ಕಡೆ ತಲೆಹಾಕಿಯೂ ಮಲಗದ ಸಿರಿಯಾದ ವ್ಯಾಪಾರಿಯೂ ಈಗ ರೋಮನ್ನನೇ.

ಕಥೆಗೆ ರಂಗು ಬರೋದು ಇಲ್ಲಿಂದ ಮುಂದೆ. ರೋಮ್ ಸಾಮ್ರಾಜ್ಯ 476ರಲ್ಲಿ ಬಿತ್ತು ಅಂತ ಶಾಲೆಯಲ್ಲಿ ಓದಿದ್ದೇವೆ ಅಲ್ವಾ? ಬಿದ್ದದ್ದು ಪಶ್ಚಿಮದ ಭಾಗ ಮಾತ್ರ. ಪೂರ್ವದ್ದು ಕಾನ್‌ಸ್ಟಾಂಟಿನೋಪಲ್ (ಇವತ್ತಿನ ಇಸ್ತಾನ್‌ಬುಲ್) ರಾಜಧಾನಿಯಾಗಿ 1453ರವರೆಗೂ ನಡೆಯಿತು. ಅಲ್ಲಿನವರು ಆಡುತ್ತಿದ್ದದ್ದು ಗ್ರೀಕ್, ಹೇಳಿಕೊಳ್ಳುತ್ತಿದ್ದದ್ದು ‘ನಾವು ರೋಮನ್ನರು’ ಅಂತ. ಅವರ ರಾಜ್ಯಕ್ಕೆ ‘ಬೈಜಾಂಟಿಯನ್ ಸಾಮ್ರಾಜ್ಯ’ ಅನ್ನೋ ಹೆಸರನ್ನು ಚಲಾವಣೆಗೆ ತಂದವನು ಜರ್ಮನ್ ಪಂಡಿತ ಹೀರೋನಿಮಸ್ ವುಲ್ಫ್. ಅದೂ ರಾಜ್ಯ ಮುಳುಗಿ ನೂರು ವರ್ಷವಾದ ಮೇಲೆ!

ಅರಬರು, ತುರ್ಕರು ಈ ನಾಡನ್ನು ‘ರೂಮ್’ ಅಂದರು. ಕುರಾನಿನ 30ನೇ ಅಧ್ಯಾಯದ ಹೆಸರೇ ಅದು. ತುರ್ಕರು ಅನಟೋಲಿಯಾ, ಅಂದರೆ ಇವತ್ತಿನ ತುರ್ಕಿಯ ಬಹುಭಾಗ, ಗೆದ್ದ ಮೇಲೂ ಹೆಸರು ಹೋಗಲಿಲ್ಲ. ಅಲ್ಲಿನ ಕೊನ್ಯಾದಲ್ಲಿ ನೆಲೆಸಿದ್ದಕ್ಕೆ ಕವಿ ಜಲಾಲುದ್ದೀನ್ ‘ರೂಮಿ’ಯಾದ. ಬರೆದದ್ದು ಪಾರ್ಸಿಯಲ್ಲಿ, ಹೆಸರಿನ ಅರ್ಥ ರೋಮಿನವನು. ಆ ಕಡೆಯಿಂದ ದಖ್ಖನಿಗೆ ಬಂದ ತುರ್ಕರೂ ‘ರೂಮಿ’ಗಳೇ. ವಿಜಯಪುರದ ಕೋಟೆಯ ಮೇಲೆ ಸಿಂಹದ ಬಾಯಿ ತೆರೆದು ಕೂತಿರುವ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದವನ ಹೆಸರಿನಲ್ಲೂ ಈ ‘ರೂಮಿ’ ಇದೆ.

ಪಶ್ಚಿಮದವರೂ ಸುಮ್ನೆ ಕೂರಲಿಲ್ಲ. 800ರಲ್ಲಿ ಪೋಪ್ ಕೈಯಿಂದ ಕಿರೀಟ ತೊಟ್ಟ ಷಾರ್ಲಮೇನ್‌ನಿಂದ ಹಿಡಿದು ಜರ್ಮನ್ ರಾಜರವರೆಗೆ ಎಲ್ಲರಿಗೂ ರೋಮನ್ ಚಕ್ರವರ್ತಿ ಅನ್ನಿಸಿಕೊಳ್ಳುವ ಆಸೆ. ಅವರ ‘ಪವಿತ್ರ ರೋಮನ್ ಸಾಮ್ರಾಜ್ಯ’ 1806ರವರೆಗೆ ಎಳೆಯಿತು. ಅದು ಪವಿತ್ರವೂ ಅಲ್ಲ, ರೋಮನ್ನೂ ಅಲ್ಲ, ಸಾಮ್ರಾಜ್ಯವೂ ಅಲ್ಲ ಅಂತ ವಾಲ್ಟೇರ್ ಕುಟುಕಿದ್ದು ಸರಿಯಾಗೇ ಇದೆ. ರೋಮನ್ ಕ್ಯಾಥೊಲಿಕ್, ರೋಮನ್ ಲಿಪಿ, ಗಡಿಯಾರದ ಮೇಲಿನ ರೋಮನ್ ಅಂಕಿ ಎಲ್ಲರಿಗೂ ಗೊತ್ತಿರುವವೇ. ಫ್ರೆಂಚಿನಲ್ಲಿ ‘ರೊಮಾಂ’ ಅಂದರೆ ಕಾದಂಬರಿ. ಲ್ಯಾಟಿನ್ ಬಿಟ್ಟು ಜನರಾಡುವ ಮಾತಿನಲ್ಲಿ ಬರೆದ ಕಥೆಗೆ ಅಂಟಿದ ಹೆಸರು ಅದು. ಯುರೋಪಿನ ರೋಮಾನಿ ಜನಕ್ಕೂ ರೋಮಿಗೂ ನಂಟಿಲ್ಲ; ಅವರ ಮೂಲ ಭಾರತ, ಅವರ ನುಡಿಯಲ್ಲಿ ‘ರೋಮ್’ ಅಂದರೆ ಗಂಡಸು.

ಹಳೇ ಅರ್ಥ ಎಲ್ಲಿಯವರೆಗೆ ಬದುಕಿತ್ತು? ಲೆಮ್ನೋಸ್ ದ್ವೀಪದಲ್ಲಿ ಹುಟ್ಟಿದ ಇತಿಹಾಸಕಾರ ಪೀಟರ್ ಚರಾನಿಸ್ ಹೇಳಿದ ಪ್ರಸಂಗವೊಂದಿದೆ. 1912ರಲ್ಲಿ, ಅಲ್ಲಿಯವರೆಗೆ ತುರ್ಕರ ಕೈಲಿದ್ದ ಆ ದ್ವೀಪಕ್ಕೆ ಗ್ರೀಕ್ ಸೈನಿಕರು ಇಳಿದಾಗ ಮಕ್ಕಳು ಓಡಿಬಂದರು. ಏನು ನೋಡ್ತೀರಿ ಅಂತ ಸೈನಿಕನೊಬ್ಬ ಕೇಳಿದ. ‘ಗ್ರೀಕರನ್ನು’ ಅಂದರು. ನೀವೂ ಗ್ರೀಕರೇ ಅಲ್ಲವಾ ಅಂದರೆ, ‘ಅಲ್ಲ, ನಾವು ರೋಮನ್ನರು’ ಅಂದವಂತೆ ಆ ಮಕ್ಕಳು. ಇವತ್ತಿಗೂ ಇಸ್ತಾನ್‌ಬುಲ್‌ನ ಗ್ರೀಕರನ್ನು ತುರ್ಕಿಯಲ್ಲಿ ‘ರೂಮ್’ ಅಂತಾರೆ. ಗ್ರೀಸ್ ದೇಶದವರಿಗೆ ಬೇರೆ ಹೆಸರು, ‘ಯುನಾನ್’.