ಓದುಗರ ಪ್ರಶ್ನೆ: ವಾಲ್ಟರ್ ಟಲ್‌ಗೆ ಮಿಲಿಟರಿ ಕ್ರಾಸ್ ಏಕೆ ಸಿಗಲಿಲ್ಲ?

ಪ್ರಶ್ನೆ: ಲಂಡನ್ನಿನ ಫುಟ್‌ಬಾಲ್ ತಂಡ ಟಾಟನ್‌ಹ್ಯಾಮ್ ಪರ ಆಡಿ, ಮೊದಲ ಮಹಾಯುದ್ಧದಲ್ಲಿ ಹೋರಾಡಿದ ವಾಲ್ಟರ್ ಟಲ್ ಬ್ರಿಟಿಷ್ ಸೇನೆಯ ಮೊದಲ ಕಪ್ಪುವರ್ಣೀಯ ಅಧಿಕಾರಿ, ಬಣ್ಣದ ಕಾರಣಕ್ಕೇ ಅವರಿಗೆ ಮಿಲಿಟರಿ ಕ್ರಾಸ್ ಎಂಬ ಶೌರ್ಯಪದಕ ತಪ್ಪಿತು ಎಂದು ಹಲವೆಡೆ ಓದಿದ್ದೇವೆ. ಎಷ್ಟು ನಿಜ?

ಉತ್ತರ: ಮೊದಲ ಮಾತು ತಪ್ಪು. ಎರಡನೆಯದು ಸುಳ್ಳೆನ್ನಲಾಗದು, ಆದರೆ ಅದನ್ನು ಸಾಬೀತು ಮಾಡುವ ಕಾಗದಪತ್ರ ಉಳಿದಿಲ್ಲ.

ಟಲ್ ಹುಟ್ಟಿದ್ದು 1888ರ ಏಪ್ರಿಲ್ 28ರಂದು, ಕೆಂಟ್ ಪ್ರಾಂತ್ಯದ ಫೋಕ್‌ಸ್ಟನ್‌ನಲ್ಲಿ. ತಂದೆ ಬಾರ್ಬಡೋಸ್‌ನಿಂದ ಬಂದ ಬಡಗಿ, ತಾಯಿ ಕೆಂಟ್‌ನವರೇ. ಹತ್ತು ವರ್ಷ ತುಂಬುವ ಮೊದಲೇ ಇಬ್ಬರೂ ತೀರಿಕೊಂಡು, ವಾಲ್ಟರ್ ಮತ್ತು ಅಣ್ಣ ಎಡ್ವರ್ಡ್ ಲಂಡನ್ನಿನ ಬೆಥ್ನಲ್ ಗ್ರೀನ್‌ನ ಅನಾಥಾಲಯ ಸೇರಿದರು. ಎಡ್ವರ್ಡ್‌ರನ್ನು ಗ್ಲಾಸ್ಗೋದ ಕುಟುಂಬವೊಂದು ದತ್ತು ತೆಗೆದುಕೊಂಡಿತು. ಮುಂದೆ ಅವರು ದಂತವೈದ್ಯರಾದರು. ವಾಲ್ಟರ್ ಹವ್ಯಾಸಿ ತಂಡ ಕ್ಲಾಪ್ಟನ್‌ನಲ್ಲಿ ಮಿಂಚಿ 1909ರಲ್ಲಿ ಟಾಟನ್‌ಹ್ಯಾಮ್ ಸೇರಿದರು. ಆ ಅಕ್ಟೋಬರ್‌ನಲ್ಲಿ ಬ್ರಿಸ್ಟಲ್‌ನ ಪ್ರೇಕ್ಷಕರಲ್ಲಿ ಒಂದು ಗುಂಪು ಅವರ ಬಣ್ಣ ಹಿಡಿದು ಹೊಲಸು ಬೈದಿತು; ಪಂದ್ಯದ ವರದಿಗಾರನೇ ಅದನ್ನು ಖಂಡಿಸಿ ಬರೆದ. ಸ್ವಲ್ಪ ಕಾಲದಲ್ಲೇ ಅವರು ಮೀಸಲು ತಂಡಕ್ಕೆ ಸರಿದರು. 1911ರಲ್ಲಿ ನಾರ್ಥಾಂಪ್ಟನ್ ಟೌನ್‌ಗೆ ಹೋದ ಮೇಲೆ ಆಟ ಮತ್ತೆ ಕುದುರಿತು, ಮೊದಲ ತಂಡದಲ್ಲಿ ನೂರಕ್ಕೂ ಹೆಚ್ಚು ಪಂದ್ಯ ಆಡಿದರು.

1914ರ ಡಿಸೆಂಬರ್‌ನಲ್ಲಿ ಮಿಡ್ಲ್‌ಸೆಕ್ಸ್ ರೆಜಿಮೆಂಟಿನ 17ನೇ ಬೆಟಾಲಿಯನ್ ಹುಟ್ಟಿತು. ಜನ ಕರೆದದ್ದು ಫುಟ್‌ಬಾಲರ್ಸ್ ಬೆಟಾಲಿಯನ್ ಎಂದೇ. ಟಲ್ ಅದೇ ತಿಂಗಳು ಸೇರಿ ಸಾರ್ಜೆಂಟ್ ಆದರು. 1916ರಲ್ಲಿ ಶೆಲ್ ಆಘಾತಕ್ಕೆ ಚಿಕಿತ್ಸೆ ಪಡೆದು ಫ್ರಾನ್ಸಿನ ಸೋಮ್ ಕಾಳಗಕ್ಕೆ ಮರಳಿದರು. ವರ್ಷದ ಕೊನೆಗೆ ಕಂದಕದ ಜ್ವರ (ಹೇನಿನಿಂದ ಹರಡುವ ಸೋಂಕು) ಅವರನ್ನು ಇಂಗ್ಲೆಂಡಿಗೆ ಅಟ್ಟಿತು. ಅಲ್ಲಿಂದ ನೇರ ಮುಂಚೂಣಿಗೆ ಕಳಿಸದೆ ಸ್ಕಾಟ್ಲೆಂಡಿನ ಗೇಲ್ಸ್‌ನಲ್ಲಿದ್ದ ಅಧಿಕಾರಿ ತರಬೇತಿ ಶಿಬಿರಕ್ಕೆ ಕಳಿಸಿದರು. 1917ರ ಮೇ 30ರಂದು ಸೆಕೆಂಡ್ ಲೆಫ್ಟಿನೆಂಟ್.

ಇದಕ್ಕೆ ನಿಯಮ ಅಡ್ಡ ಬರಲಿಲ್ಲವೇ? ಬರಬೇಕಿತ್ತು. ಕಪ್ಪುವರ್ಣೀಯರು ಅಧಿಕಾರಿಯಾಗುವಂತಿರಲಿಲ್ಲ ಎನ್ನಲು ಎಲ್ಲರೂ ಉಲ್ಲೇಖಿಸುವುದು 1914ರ ಮಿಲಿಟರಿ ಕಾನೂನು ಕೈಪಿಡಿಯನ್ನು. ಆದರೆ ಅದರಲ್ಲಿ ಬಣ್ಣದವರ ಮಾತು ಬರುವುದು ಪರದೇಶಿ ಪ್ರಜೆಗಳ ಕಲಮಿನಲ್ಲಿ. ಫೋಕ್‌ಸ್ಟನ್‌ನಲ್ಲಿ ಹುಟ್ಟಿದ ಟಲ್ ಪರದೇಶಿಯಲ್ಲ. ನಿಜವಾದ ತಡೆ ಇದ್ದದ್ದು ಅಧಿಕಾರಿ ಹುದ್ದೆಯ ಅರ್ಜಿಯಲ್ಲಿ: ‘ಅಪ್ಪಟ ಯುರೋಪಿಯನ್ ವಂಶದವರೇ?’ ಎಂಬ ಪ್ರಶ್ನೆ. ಕಿರಿಯ ಅಧಿಕಾರಿಗಳು ಸಾಲುಸಾಲಾಗಿ ಸಾಯುತ್ತಿದ್ದಾಗ, ಅನುಭವಿ ಸಾರ್ಜೆಂಟರನ್ನು ಮೇಲಿನವರೇ ಶಿಫಾರಸು ಮಾಡಿದರೆ ಆ ಪ್ರಶ್ನೆಯನ್ನು ಕಂಡೂ ಕಾಣದಂತೆ ಬಿಡುವುದು ಸಾಧ್ಯವಿತ್ತು. ಜಮೈಕಾದ ಜಾರ್ಜ್ ಬೆಮಂಡ್ ‘ಹೌದು’ ಎಂದು ಬರೆದು 1915ರಲ್ಲೇ ತೋಪುಪಡೆಯ ಅಧಿಕಾರಿಯಾಗಿದ್ದರು. ಅದೇ ದ್ವೀಪದ ಡೇವಿಡ್ ಕ್ಲೆಮೆಟ್ಸನ್ ‘ಇಲ್ಲ’ ಎಂದು ಬರೆದೂ ಅದೇ ವರ್ಷ ಆದರು. ಹಾಗಾಗಿ ಟಲ್ ಮೊದಲಿಗರಲ್ಲ. (ಭಾರತೀಯರಿಗೆ ಇದೇ ರಾಜಕಮಿಷನ್ನಿನ, ಅಂದರೆ ರಾಜನ ಹೆಸರಿನಲ್ಲಿ ಕೊಡುವ ಅಧಿಕಾರಿ ಹುದ್ದೆಯ, ಬಾಗಿಲು ತೆರೆದದ್ದೂ 1917ರಲ್ಲೇ; ಕೊಡಗಿನ ಕಾರ್ಯಪ್ಪ ಇಂದೋರಿನಲ್ಲಿ ತರಬೇತಿ ಮುಗಿಸಿ 1919ರಲ್ಲಿ ಅದನ್ನು ಪಡೆದರು.)

ಈಗ ಪದಕದ ವಿಷಯ. ಹೊಸ ಅಧಿಕಾರಿಯನ್ನು 23ನೇ ಬೆಟಾಲಿಯನ್‌ಗೆ, ಅಂದರೆ ಎರಡನೇ ಫುಟ್‌ಬಾಲ್ ಬೆಟಾಲಿಯನ್‌ಗೆ, ಕಳಿಸಿದರು. ಅದು ಇಟಲಿಯಲ್ಲಿದ್ದಾಗ, 1918ರ ಹೊಸ ವರ್ಷದ ಆರಂಭದಲ್ಲಿ, ಟಲ್ 26 ಮಂದಿಯನ್ನು ರಾತ್ರಿ ಪಿಯಾವೆ ನದಿ ದಾಟಿಸಿ ದಾಳಿ ನಡೆಸಿದರು. ಒಬ್ಬರನ್ನೂ ಕಳೆದುಕೊಳ್ಳದೆ ಮರಳಿದರು. ಡಿವಿಷನ್ ಮುಖ್ಯಸ್ಥ ಮೇಜರ್ ಜನರಲ್ ಸಿಡ್ನಿ ಲಾಫರ್ಡ್ ಅವರ ಧೈರ್ಯವನ್ನೂ ತಣ್ಣನೆಯ ತಲೆಯನ್ನೂ ಲಿಖಿತವಾಗಿ ಹೊಗಳಿದರು. ಅದು ಪ್ರಶಂಸೆ ಅಷ್ಟೇ, ಪದಕವಲ್ಲ. ಎರಡನ್ನೂ ಒಂದೇ ಎಂದುಕೊಳ್ಳುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ಮಿಲಿಟರಿ ಕ್ರಾಸ್‌ನ ಶಿಫಾರಸು ಬೆಟಾಲಿಯನ್‌ನಿಂದ ಬ್ರಿಗೇಡ್, ಡಿವಿಷನ್, ಕೋರ್, ಸೈನ್ಯದ ಕೇಂದ್ರ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಎಲ್ಲಿ ಬೇಕಾದರೂ ನಿಲ್ಲಬಹುದು, ಪದಕದ ಬದಲು ಪ್ರಶಂಸೆಗೆ ಇಳಿಯಬಹುದು. 1979ರವರೆಗೆ ಈ ಪದಕವನ್ನು ಮರಣೋತ್ತರವಾಗಿ ಕೊಡುವಂತೆಯೂ ಇರಲಿಲ್ಲ. ಬದುಕಿದ್ದಾಗಲೇ ಶಿಫಾರಸು ಹೋಗಿದ್ದರೆ ಮಾತ್ರ ಸಾವಿನ ನಂತರ ಪ್ರಕಟವಾಗಬಹುದಿತ್ತು.

ಟಲ್ 1918ರ ಮಾರ್ಚ್ 25ರಂದು, ಜರ್ಮನರ ವಸಂತದ ದಾಳಿಯಲ್ಲಿ, ಫ್ರಾನ್ಸಿನ ಫಾವ್ರೆಯ್ ಬಳಿ ಗುಂಡಿಗೆ ಬಲಿಯಾದರು. ಲೆಸ್ಟರ್‌ನ ಗೋಲ್‌ಕೀಪರ್ ಆಗಿದ್ದ ಟಾಮ್ ಬಿಲಿಂಗ್‌ಹ್ಯಾಮ್ ದೇಹವನ್ನು ಎಳೆದು ತರಲು ನೋಡಿದರು, ಆಗಲಿಲ್ಲ. ಬೆಟಾಲಿಯನ್ನಿನ ಕಮಾಂಡರ್ ಅಲನ್ ಹೇಗ್‌ಬ್ರೌನ್ ಸತ್ತದ್ದೂ ಅದೇ ದಿನ. ಪದಕಕ್ಕೆ ಹೆಸರು ಹೋಗಿತ್ತು ಎಂಬುದಕ್ಕೆ ಇರುವ ಆಧಾರ, ಸಹ ಅಧಿಕಾರಿ ಪಿಕಾರ್ಡ್ ಅಣ್ಣ ಎಡ್ವರ್ಡ್‌ಗೆ ಬರೆದ ಸಂತಾಪ ಪತ್ರ. ಕಮಾಂಡರ್ ಶಿಫಾರಸು ಮಾಡಿದ್ದರು ಎನ್ನುತ್ತದೆ ಅದು. ಸುಳ್ಳು ಬರೆಯುವ ಕಾರಣ ಪಿಕಾರ್ಡ್‌ಗೆ ಇರಲಿಲ್ಲ. ಆದರೆ ಆ ಕಾಗದ ಎಲ್ಲಿ ನಿಂತಿತು, ಏಕೆ ನಿಂತಿತು ಎಂದು ವಿಚಾರಿಸಿ ಬೆನ್ನು ಹತ್ತಬೇಕಿದ್ದ ಕಮಾಂಡರೇ ಉಳಿಯಲಿಲ್ಲ. ಆ ಯುದ್ಧದ ಪದಕ ಶಿಫಾರಸುಗಳ ಕಡತಗಳೂ 1940ರ ಲಂಡನ್ ಬಾಂಬ್ ದಾಳಿಯಲ್ಲಿ ಬಹುಪಾಲು ಸುಟ್ಟುಹೋದವು. ಬಣ್ಣವೇ ಕಾರಣ ಎನ್ನುವವರಿಗೂ ಅಲ್ಲ ಎನ್ನುವವರಿಗೂ ತೋರಿಸಲು ದಾಖಲೆ ಇಲ್ಲದಿರುವುದು ಇದಕ್ಕೇ. ಆ ಕಾಲದ ನಿಯಮಗಳನ್ನು ನೋಡಿದರೆ ಅನುಮಾನ ಸಹಜ. ಕಪ್ಪುವರ್ಣೀಯ ಸೇನಾ ವೈದ್ಯ ಅಲನ್ ನೋಯಲ್ ಮಿನ್ಸ್‌ಗೆ ಅದೇ ಯುದ್ಧದಲ್ಲಿ ಮಿಲಿಟರಿ ಕ್ರಾಸ್ ಸಿಕ್ಕಿದ್ದನ್ನೂ ಜೊತೆಗೆ ಇಟ್ಟು ನೋಡಬೇಕು.

ನೀವೇ ಹುಡುಕುವುದಾದರೆ: ಪದಕ ಸಿಕ್ಕವರ ಹೆಸರು ಬ್ರಿಟನ್ ಸರ್ಕಾರದ ಅಧಿಕೃತ ಪತ್ರಿಕೆ ಲಂಡನ್ ಗೆಜೆಟ್‌ನಲ್ಲಿ ಅಚ್ಚಾಗುತ್ತಿತ್ತು, ಅದರ ಜಾಲತಾಣದಲ್ಲಿ ಹುಡುಕಾಟ ಉಚಿತ. ಟಲ್ ಹೆಸರು ಅಲ್ಲಿ ಸಿಗುವುದು ಅಧಿಕಾರಿಯಾಗಿ ನೇಮಕವಾದ ಬಗ್ಗೆ ಮಾತ್ರ. ದೇಹ ಸಿಗದ ಕಾರಣ ಸಮಾಧಿ ಎಂದು ಹುಡುಕಿದರೆ ಏನೂ ಸಿಗದು. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಫ್ರಾನ್ಸಿನ ಆರಾಸ್ ಸ್ಮಾರಕವನ್ನು ಆರಿಸಿ, ಅಲ್ಲಿ 7ನೇ ಅಂಕಣದ ಗೋಡೆಯಲ್ಲಿ ಅವರ ಹೆಸರಿದೆ.